ಮೂರನೆಯ ಕುರ್ಚಿ ಖಾಲಿಯಾದಾಗ

(ಕಾಲೇಜು ವಿದ್ಯಾರ್ಥಿಗಳೂ ಊರಿನ ಹಿರಿಯರೂ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಓಟ ಕೆಡದ ಹಾಗೆ ಅಲ್ಲಲ್ಲಿ ತಿದ್ದಿದ್ದೇನೆ. ಸಭಿಕರು ಕೇಳಿದ ಒಂದೆರಡು ಪ್ರಶ್ನೆಗಳನ್ನು ಸಂಬಂಧಪಟ್ಟ ಜಾಗದಲ್ಲೇ ಸೇರಿಸಿಕೊಂಡಿದ್ದೇನೆ.)

ಸ್ನೇಹಿತರೆ,

ಒಂದು ಪದದಿಂದ ಶುರು ಮಾಡುತ್ತೇನೆ. ಸೂಪರ್ ಪವರ್. ನಮ್ಮ ಪತ್ರಿಕೆಗಳು ಇದನ್ನು ಮಹಾಶಕ್ತಿ ಅಂತ ಬರೆಯುತ್ತವೆ. ಈ ಪದವನ್ನು ಇವತ್ತಿನ ಅರ್ಥದಲ್ಲಿ ಚಲಾವಣೆಗೆ ತಂದವರು ವಿಲಿಯಂ ಫಾಕ್ಸ್ ಎಂಬ ಅಮೆರಿಕದ ವಿದ್ವಾಂಸರು, 1944ರಲ್ಲಿ. ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿತ್ತು. ಯುದ್ಧ ಮುಗಿದ ಮೇಲೆ ತನ್ನ ಬಲವನ್ನು ಲೋಕದ ಯಾವ ಮೂಲೆಗಾದರೂ ಒಯ್ಯಬಲ್ಲ ದೇಶಗಳು ಯಾವುವು ಎಂದು ಅವರು ಯೋಚಿಸಿದರು. ಅವರ ಪಟ್ಟಿಯಲ್ಲಿ ಮೂರು ಹೆಸರಿದ್ದವು: ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್.

ಮೂರು ವರ್ಷ ಕಳೆಯುವಷ್ಟರಲ್ಲಿ ಆ ಪಟ್ಟಿಯಿಂದ ಒಂದು ಹೆಸರು ಜಾರಿಹೋಯಿತು. ಎರಡು ದೇಶಗಳು ಮೇಲೆದ್ದ ಕಥೆಯನ್ನು ನಾವೆಲ್ಲ ಓದಿದ್ದೇವೆ. ಮೂರನೆಯದು ಕುಸಿದ ಕಥೆಯನ್ನು ಅದರ ಪಕ್ಕದಲ್ಲಿಟ್ಟು ಓದುವುದು ಕಡಿಮೆ. ಆ ಕುಸಿತಕ್ಕೂ ನಮ್ಮ ಸ್ವಾತಂತ್ರ್ಯಕ್ಕೂ ನೇರ ನಂಟಿದೆ. ಹಾಗಾಗಿ ಇವತ್ತು ನಾನು ಹೆಚ್ಚು ಹೊತ್ತು ಮಾತಾಡುವುದು ಅಲ್ಲೇ.

ಪಠ್ಯಪುಸ್ತಕದಲ್ಲಿ ಶೀತಲ ಸಮರದ ಪಾಠ ಬಂಡವಾಳಶಾಹಿಗೂ ಕಮ್ಯುನಿಸಮ್ಮಿಗೂ ನಡೆದ ಜಗಳವಾಗಿ ಶುರುವಾಗುತ್ತದೆ. ಅದು ಸುಳ್ಳಲ್ಲ. ಆದರೆ ಆ ಭೇದ 1917ರಿಂದಲೂ ಇತ್ತಲ್ಲ? ರಷ್ಯದಲ್ಲಿ ಕ್ರಾಂತಿಯಾಗಿ ಇಪ್ಪತ್ತೆಂಟು ವರ್ಷ ಕಳೆದರೂ ಅದರಿಂದ ಭೂಮಿ ಎರಡು ಹೋಳಾಗಿರಲಿಲ್ಲ. ಅಮೆರಿಕ ತನ್ನ ಪಾಡಿಗೆ ತಾನಿತ್ತು, ಸೋವಿಯತ್ ತನ್ನ ಪಾಡಿಗೆ ತಾನಿತ್ತು. ಇವೆರಡರ ನಡುವೆ ಜರ್ಮನಿ, ಫ್ರಾನ್ಸ್, ಬ್ರಿಟನ್, ಆ ಕಡೆ ಜಪಾನ್ ಎಂಬ ಗಟ್ಟಿ ಗೋಡೆಗಳಿದ್ದವು. 1940ರಿಂದ 1945ರೊಳಗೆ ಆ ಗೋಡೆಗಳು ಒಂದೊಂದಾಗಿ ಬಿದ್ದವು. ದೂರದ ಎರಡು ಮನೆಗಳು ಇದ್ದಕ್ಕಿದ್ದಂತೆ ಅಕ್ಕಪಕ್ಕದವಾದವು. ಸಿದ್ಧಾಂತದ ಜಗಳ ಜೋರಾಗಿದ್ದು ಆಮೇಲೆ.

ಆ ಎರಡು ಸೇನೆಗಳು ಎದುರುಬದುರಾದ ದಿನ ನಮಗೆ ಗೊತ್ತಿದೆ: 1945ರ ಏಪ್ರಿಲ್ 25. ಜರ್ಮನಿಯ ಎಲ್ಬೆ ನದಿಯ ದಂಡೆಯ ಟೋರ್ಗೌ ಎಂಬ ಊರು. ಪಶ್ಚಿಮದಿಂದ ಅಮೆರಿಕದ ಸೈನಿಕರು ಬಂದರು, ಪೂರ್ವದಿಂದ ಸೋವಿಯತ್ ಸೈನಿಕರು. ಮುರಿದು ನೀರಿಗೆ ಬಾಗಿದ್ದ ಸೇತುವೆಯ ಮೇಲೆ ಅವರು ಕೈ ಚಾಚಿ ನಿಂತಿರುವ ಫೋಟೋವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಆ ಹುಡುಗರ ಮುಖದ ನಗು ನಿಜವಾದದ್ದು. ಆ ಕ್ಷಣದಲ್ಲಿ ಅವರು ಒಬ್ಬರಿಗೊಬ್ಬರು ಶತ್ರುಗಳಲ್ಲ. ಆದರೆ ಯುದ್ಧದಿಂದ ಅವರು ಮನೆಗೆ ಒಯ್ದದ್ದು ಒಂದೇ ಅಲ್ಲ.

ಸೋವಿಯತ್ ಒಕ್ಕೂಟ ಆ ಯುದ್ಧದಲ್ಲಿ ಸುಮಾರು 2 ಕೋಟಿ 70 ಲಕ್ಷ ಜನರನ್ನು ಕಳೆದುಕೊಂಡಿತು. ಅಮೆರಿಕ ಕಳೆದುಕೊಂಡದ್ದು ಸುಮಾರು 4 ಲಕ್ಷ ಜನರನ್ನು. ಒಂದೊಂದು ಜೀವವೂ ಒಂದು ಮನೆಯ ದೀಪವೇ. ಆದರೂ ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಮನಸ್ಸಿಗೆ ತಂದುಕೊಳ್ಳದೆ ಆಮೇಲೆ ನಡೆದದ್ದು ಅರ್ಥವಾಗುವುದಿಲ್ಲ. ಸೋವಿಯತ್ ಲೆಕ್ಕದ ಪ್ರಕಾರ 1,710 ಪಟ್ಟಣಗಳೂ 70 ಸಾವಿರ ಹಳ್ಳಿಗಳೂ ನೆಲಸಮವಾದವು. ಎರಡೂವರೆ ಕೋಟಿ ಜನಕ್ಕೆ ತಲೆಯ ಮೇಲೆ ಸೂರಿರಲಿಲ್ಲ.

ಸಂಖ್ಯೆಗಳನ್ನು ಹೇಳುತ್ತ ಹೋದರೆ ಕಿವಿ ಮರಗಟ್ಟುತ್ತದೆ. ಒಂದೇ ಒಂದು ವಸ್ತುವನ್ನು ನಿಮ್ಮ ಮುಂದಿಡುತ್ತೇನೆ. ಒಂದು ತುಂಡು ಬ್ರೆಡ್ಡು.

ಲೆನಿನ್‌ಗ್ರಾಡ್ ನಗರಕ್ಕೆ ಜರ್ಮನ್ ಸೇನೆ ಮುತ್ತಿಗೆ ಹಾಕಿದ್ದು 1941ರ ಸೆಪ್ಟೆಂಬರಿನಲ್ಲಿ. ಅದು ಪೂರ್ತಿ ಬಿಡುಗಡೆಯಾದದ್ದು 1944ರ ಜನವರಿಯಲ್ಲಿ, 872 ದಿನಗಳ ನಂತರ. ಮೊದಲ ಚಳಿಗಾಲದಲ್ಲಿ, ನವೆಂಬರ್‌ನಿಂದ ಡಿಸೆಂಬರ್ ಕೊನೆಯ ವಾರದವರೆಗೆ, ಕಾರ್ಖಾನೆಯ ಕಾರ್ಮಿಕರಲ್ಲದವರಿಗೆ, ಅಂದರೆ ಮಕ್ಕಳು, ಮುದುಕರು, ಮನೆವಂದಿಗರಿಗೆಲ್ಲ, ದಿನದ ರೇಷನ್ 125 ಗ್ರಾಂ ಬ್ರೆಡ್ಡು. ನಮ್ಮ ಕಡೆಯ ಒಂದು ಸಾಧಾರಣ ರಾಗಿಮುದ್ದೆಯನ್ನು ಅರ್ಧ ಮುರಿದರೆ ಹೆಚ್ಚುಕಮ್ಮಿ ಅಷ್ಟಾಗುತ್ತದೆ. ಇಡೀ ದಿನಕ್ಕೆ ಅಷ್ಟೇ. ಅದೂ ಅಪ್ಪಟ ಹಿಟ್ಟಿನದಲ್ಲ. ಹಿಟ್ಟು ಸಾಲದೆ ಮರದ ನಾರಿನಿಂದ ತೆಗೆದ ಸೆಲ್ಯುಲೋಸನ್ನೂ ಹತ್ತಿಬೀಜದ ಹಿಂಡಿಯನ್ನೂ ಬೆರೆಸುತ್ತಿದ್ದರು. ಹತ್ತಿಬೀಜದ ಹಿಂಡಿ ಏನೆಂದು ಇಲ್ಲಿರುವ ರೈತರ ಮನೆಯ ಮಕ್ಕಳಿಗೆ ಹೇಳಬೇಕಾಗಿಲ್ಲ, ನಾವದನ್ನು ಎಮ್ಮೆಗೆ ಹಾಕುತ್ತೇವೆ. ಹೊರಗೆ ಸೊನ್ನೆಗಿಂತ ಬಹಳ ಕೆಳಗಿನ ಚಳಿ, ಒಳಗೆ ಒಲೆಗೆ ಸೌದೆಯಿಲ್ಲ. ಆ ನಗರದಲ್ಲಿ ಸತ್ತವರು ಎಂಟು ಲಕ್ಷಕ್ಕಿಂತ ಕಡಿಮೆಯಿಲ್ಲ ಎನ್ನುತ್ತಾರೆ, ಬಹುಪಾಲು ಹಸಿವಿನಿಂದಲೇ.

ಆ ಬ್ರೆಡ್ಡಿನ ತುಂಡನ್ನು ಮನಸ್ಸಿನಲ್ಲಿಟ್ಟುಕೊಂಡು 1945ರ ಫೆಬ್ರುವರಿಯ ಯಾಲ್ಟಾಕ್ಕೆ ಬನ್ನಿ. ಕ್ರಿಮಿಯದ ಲಿವಾದಿಯ ಅರಮನೆಯಲ್ಲಿ ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ ಕೂತಿದ್ದಾರೆ. ಅಲ್ಲಿ ಅತಿ ಹೆಚ್ಚು ಚರ್ಚೆಯಾದ ವಿಷಯಗಳಲ್ಲೊಂದು ಪೋಲೆಂಡ್. ಸ್ಟಾಲಿನ್ ಹಿಡಿದ ಪಟ್ಟು ಒಂದೇ: ಮೂವತ್ತು ವರ್ಷದಲ್ಲಿ ಎರಡು ಸಲ ಜರ್ಮನರು ನಮ್ಮ ಮೇಲೆ ಬಿದ್ದದ್ದು ಆ ದಾರಿಯಿಂದ, ಆ ಬಾಗಿಲ ಕೀಲಿ ಇನ್ನು ನಮ್ಮ ಕೈಯಲ್ಲಿರಬೇಕು. ಇದರಲ್ಲಿರುವ ಭಯ ಕಪಟವಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಆ ಭಯಕ್ಕೆ ಪೋಲೆಂಡಿನವರು, ಹಂಗೇರಿಯವರು, ಜೆಕ್ಕರು ತಮ್ಮ ನಲವತ್ತು ವರ್ಷಗಳನ್ನು ತೆತ್ತರು. ಸ್ವಂತ ಜನರಿಗೂ ಸ್ಟಾಲಿನ್ ಕರುಣೆ ತೋರಲಿಲ್ಲ. ಜರ್ಮನರ ಸೆರೆಯಲ್ಲಿ ಬದುಕುಳಿದು ಬಂದ ಸೋವಿಯತ್ ಸೈನಿಕರನ್ನು ಅನುಮಾನದಿಂದ ಸೋಸಿ, ಅವರಲ್ಲಿ ಬಹಳ ಜನರನ್ನು ಶಿಬಿರಗಳಿಗೂ ಕೂಲಿ ಪಡೆಗಳಿಗೂ ಕಳಿಸಿದರು. 1946ರಲ್ಲಿ ಮಳೆ ಕೈಕೊಟ್ಟು ಉಕ್ರೇನ್, ಮೊಲ್ಡೋವ ಕಡೆ ಬರಗಾಲ ಬಂದಾಗಲೂ ಸರ್ಕಾರ ಹೊರದೇಶಗಳಿಗೆ ಧಾನ್ಯ ಕಳಿಸುತ್ತಲೇ ಇತ್ತು. ಆ ಬರದಲ್ಲಿ ಸತ್ತವರು ಹತ್ತು ಲಕ್ಷದಷ್ಟಾದರೂ ಇದ್ದಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುತ್ತೇವಲ್ಲ, ಇಲ್ಲಿ ಹಿಟ್ಟಿಲ್ಲದ ಹೊಟ್ಟೆ ಒಬ್ಬರದು, ಮಲ್ಲಿಗೆ ಮುಡಿದ ಜುಟ್ಟು ಇನ್ನೊಬ್ಬರದು.

ಈಗ ಅಮೆರಿಕದ ಕಡೆ ತಿರುಗೋಣ.

ಅಮೆರಿಕದ ಮುಖ್ಯ ನೆಲದ ಮೇಲೆ ಒಂದು ಊರೂ ಯುದ್ಧದಲ್ಲಿ ಹಾಳಾಗಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಲೋಕದ ಕಾರ್ಖಾನೆ ಉತ್ಪಾದನೆಯಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲಿಯದು. ದೇಶದೇಶಗಳ ಖಜಾನೆಗಳಲ್ಲಿದ್ದ ಚಿನ್ನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಲ್ಲಿಯದು. ಅವರ ಕೈ ಎಷ್ಟು ದೂರ ಚಾಚಿತ್ತು ಎನ್ನುವುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನೆಯ ವಿಮಾನದಳದ ಉಸ್ತುವಾರಿಗೆ ಹೋಯಿತು. ಅವರ ವಿಮಾನಗಳ ರಿಪೇರಿ ಇಲ್ಲಿ ನಡೆಯಿತು. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಸಂಸ್ಥೆಯ ಹೊಸ ಘಟಕಗಳಲ್ಲಿ ಸೋವಿಯತ್ ಪರವಾನಗಿಯ ಮಿಗ್-21 ತಯಾರಾಗತೊಡಗಿತು. ಎರಡು ಮಹಾಶಕ್ತಿಗಳ ನೆರಳೂ ನಮ್ಮ ಒಂದೇ ಅಂಗಳದಲ್ಲಿ ಬಿದ್ದದ್ದು ಹೀಗೆ.

ಇಷ್ಟು ಸಿರಿಯಿದ್ದ ಅಮೆರಿಕಕ್ಕೂ ಭಯವಿತ್ತು. 1933ರಲ್ಲಿ ಅಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಆ ದಿನಗಳನ್ನು ಮುಗಿಸಿದ್ದು ಯುದ್ಧದ ಆರ್ಡರುಗಳು. ಯುದ್ಧ ನಿಂತರೆ? ಸಮವಸ್ತ್ರದಲ್ಲಿದ್ದ 1 ಕೋಟಿ 20 ಲಕ್ಷ ಜನ ಮನೆಗೆ ಬಂದು ಕೆಲಸ ಕೇಳುತ್ತಾರೆ, ಕಾರ್ಖಾನೆಯ ಮಾಲು ಕೊಳ್ಳುವವರಿರುವುದಿಲ್ಲ. ಕೊಳ್ಳುವವರ ಕೈಯಲ್ಲಿ ದುಡ್ಡಿರಬೇಕು, ಬಂದರುಗಳು ತೆರೆದಿರಬೇಕು. ಲೋಕವೆಲ್ಲ ತಮ್ಮ ಸಂತೆಯಾಗಿ ಉಳಿಯಬೇಕೆಂಬ ಆಸೆಯ ಬುಡದಲ್ಲಿ ಈ ದಿಗಿಲು ಇತ್ತು. ಹಸಿವು ಕಂಡವನು ಬಾಗಿಲು ಮುಚ್ಚಬೇಕೆಂದ, ನಿರುದ್ಯೋಗ ಕಂಡವನು ಬಾಗಿಲು ತೆರೆಯಬೇಕೆಂದ. ಇಬ್ಬರೂ ಕೈಹಾಕಿದ್ದು ಯುರೋಪಿನ ಅದೇ ಬಾಗಿಲಿಗೆ.

1944ರ ಜುಲೈಯಲ್ಲಿ ಅಮೆರಿಕದ ಬ್ರೆಟನ್ ವುಡ್ಸ್ ಎಂಬಲ್ಲಿ, ಬೆಟ್ಟದ ತಪ್ಪಲಿನ ಒಂದು ದೊಡ್ಡ ಹೋಟೆಲಿನಲ್ಲಿ, 44 ದೇಶಗಳ ಪ್ರತಿನಿಧಿಗಳು ಮೂರು ವಾರ ಕೂತು ಯುದ್ಧಾನಂತರದ ಹಣದ ವ್ಯವಸ್ಥೆಯನ್ನು ಬರೆದರು. ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್, ಉಳಿದ ನಾಣ್ಯಗಳೆಲ್ಲ ಡಾಲರಿಗೆ ಗಂಟು. ಇವತ್ತಿನ ಐಎಂಎಫ್, ವಿಶ್ವಬ್ಯಾಂಕ್ ಹುಟ್ಟಿದ್ದು ಅಲ್ಲೇ. ಸೋವಿಯತ್ ಪ್ರತಿನಿಧಿಗಳು ಬಂದು ಕೂತಿದ್ದರು, ಆದರೆ ಅವರ ಸರ್ಕಾರ ಆಮೇಲೆ ಒಪ್ಪಂದದಿಂದ ಹೊರಗುಳಿಯಿತು. ಭಾರತದ ನಿಯೋಗವೂ ಅಲ್ಲಿತ್ತು. ರಿಸರ್ವ್ ಬ್ಯಾಂಕಿನ ಗವರ್ನರ್ ಚಿಂತಾಮಣ ದೇಶಮುಖ್, ಷಣ್ಮುಖಂ ಚೆಟ್ಟಿ, ಎ. ಡಿ. ಶ್ರಾಫ್ ಅದರಲ್ಲಿದ್ದರು. ಇವರು ಎತ್ತಿದ ಒಂದು ಪ್ರಶ್ನೆಯನ್ನು ಇವತ್ತು ನೀವೆಲ್ಲ ಕೇಳಿಸಿಕೊಳ್ಳಬೇಕು.

ಯುದ್ಧಕಾಲದಲ್ಲಿ ಬ್ರಿಟನ್ ತನ್ನ ಸೇನೆಗೆ ಬೇಕಾದ ಬಟ್ಟೆ, ದವಸ, ಚರ್ಮ, ಸಾಗಾಟ ಎಲ್ಲವನ್ನೂ ಇಲ್ಲಿಂದ ಪಡೆಯಿತು. ಕೈಯಲ್ಲಿ ದುಡ್ಡು ಕೊಡಲಿಲ್ಲ. ಲಂಡನ್ನಿನ ಲೆಕ್ಕದ ಪುಸ್ತಕದಲ್ಲಿ ಭಾರತದ ಹೆಸರಿಗೆ ಪೌಂಡು ಬರೆದುಕೊಂಡರು. ಆ ಬರಹದ ಆಧಾರದ ಮೇಲೆ ಇಲ್ಲಿ ರೂಪಾಯಿ ನೋಟು ಅಚ್ಚು ಹಾಕಿದರು. ನೋಟು ಹೆಚ್ಚಿತು, ಸಾಮಾನು ಕಡಿಮೆಯಾಯಿತು, ಬೆಲೆ ಏರಿತು. ನಮ್ಮ ಅಜ್ಜ ಅಜ್ಜಿಯರು ರೇಷನ್ನು, ಬ್ಲಾಕ್ ಮಾರ್ಕೆಟ್ಟು ಎಂಬ ಪದಗಳನ್ನು ಕಲಿತ ಕಾಲ ಅದು. 1943ರಲ್ಲಿ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಯುದ್ಧ ಮುಗಿದಾಗ ಆ ಪುಸ್ತಕದಲ್ಲಿ ಬ್ರಿಟನ್ ನಮಗೆ ಕೊಡಬೇಕಾದ ಬಾಕಿ ಸುಮಾರು 130 ಕೋಟಿ ಪೌಂಡು. ಈ ಬಾಕಿಗೂ ಒಂದು ದಾರಿ ತೋರಿಸಿ ಎಂದು ನಮ್ಮವರು ಬ್ರೆಟನ್ ವುಡ್ಸ್‌ನಲ್ಲಿ ಕೇಳಿದರು. ಬ್ರಿಟನ್ ನಿಯೋಗದ ಮುಖ್ಯಸ್ಥ ಕೇನ್ಸ್, ಅದು ಸಾಲಗಾರರೂ ಸಾಲ ಕೊಟ್ಟವರೂ ತಮ್ಮತಮ್ಮಲ್ಲಿ ಬಗೆಹರಿಸಿಕೊಳ್ಳಬೇಕಾದ ವಿಷಯ ಎಂದು ಬದಿಗಿಟ್ಟರು. ಆಳುವವನೇ ಸಾಲಗಾರ, ಆಳಿಸಿಕೊಳ್ಳುವವನೇ ಸಾಲ ಕೊಟ್ಟವನು! ಮೂರನೆಯ ಮಹಾಶಕ್ತಿಯ ಕುರ್ಚಿಗೆ ಗೆದ್ದಲು ಹಿಡಿದಿರುವುದು ಈ ಒಂದು ಪುಟದಲ್ಲೇ ಕಾಣುತ್ತಿತ್ತು.

1945ರ ಆಗಸ್ಟಿನಲ್ಲಿ ಜಪಾನ್ ಶರಣಾದ ಕೆಲವೇ ದಿನಕ್ಕೆ ಅಮೆರಿಕ, 1941ರಿಂದ ಬ್ರಿಟನ್ನಿಗೆ ಕೊಡುತ್ತಿದ್ದ ಲೆಂಡ್-ಲೀಸ್ ನೆರವನ್ನು ನಿಲ್ಲಿಸಿತು. ಕೇನ್ಸ್ ವಾಷಿಂಗ್ಟನ್ನಿಗೆ ಓಡಿದರು. ದಾನವಾಗಿ ಕೊಡಿ ಎಂದು ಕೇಳಹೋದವರಿಗೆ ಸಿಕ್ಕಿದ್ದು ಸಾಲ, 375 ಕೋಟಿ ಡಾಲರ್, ಶೇ 2ರ ಬಡ್ಡಿಗೆ. ಅದರ ಕೊನೆಯ ಕಂತನ್ನು ಬ್ರಿಟನ್ ಕಟ್ಟಿ ಮುಗಿಸಿದ್ದು 2006ರ ಡಿಸೆಂಬರಿನಲ್ಲಿ. ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ಆಗ ಹುಟ್ಟಿರಬಹುದು.

ಈಗ 1947ರ ಫೆಬ್ರುವರಿಗೆ ಬರುತ್ತೇನೆ. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಈ ತಿಂಗಳಲ್ಲಿದೆ.

ಆ ವರ್ಷ ಬ್ರಿಟನ್ನಿನಲ್ಲಿ ಕಂಡುಕೇಳರಿಯದ ಚಳಿ. ಜನವರಿ ಕೊನೆಗೆ ಶುರುವಾದ ಹಿಮ ಮಾರ್ಚಿಯವರೆಗೂ ಬಿಡಲಿಲ್ಲ. ಗಣಿಯಿಂದ ತೆಗೆದ ಕಲ್ಲಿದ್ದಲು ರೈಲು ದಾರಿಯಲ್ಲೇ ಹಿಮದಲ್ಲಿ ಹೂತುಹೋಯಿತು. ವಿದ್ಯುತ್ ಕೇಂದ್ರಗಳಿಗೆ ಕಲ್ಲಿದ್ದಲಿಲ್ಲ. ಫೆಬ್ರುವರಿ ಎರಡನೇ ವಾರದಿಂದ ದೊಡ್ಡ ದೊಡ್ಡ ಪ್ರದೇಶಗಳಲ್ಲಿ ಕಾರ್ಖಾನೆಗಳಿಗೆ ಕರೆಂಟು ಕಡಿದರು, ಮನೆಗಳಿಗೂ ದಿನದಲ್ಲಿ ಹಲವು ಗಂಟೆ ಕರೆಂಟಿಲ್ಲ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಕೆಲಸ ನಿಂತಿತು. ಯುದ್ಧದ ಆರು ವರ್ಷವೂ ರೇಷನ್ನಿನ ಮಿತಿಯಿಲ್ಲದೆ ಸಿಗುತ್ತಿದ್ದ ಬ್ರೆಡ್ಡಿಗೂ 1946ರ ಜುಲೈಯಿಂದ ಆ ಮಿತಿ ಬಂದಿತ್ತು. ಯುದ್ಧ ಗೆದ್ದ ದೇಶ ಇದು. ಭೂಮಿಯ ಕಾಲು ಭಾಗಕ್ಕೆ ಒಡೆಯನೆನಿಸಿಕೊಂಡಿದ್ದ ದೇಶ. ಅದರ ರಾಜಧಾನಿಯ ಕಚೇರಿಗಳಲ್ಲಿ ಗುಮಾಸ್ತರು ಮೇಣದಬತ್ತಿಯ ಬೆಳಕಿನಲ್ಲಿ ಕೋಟು ಹಾಕಿಕೊಂಡು ಕಡತ ನೋಡುತ್ತಿದ್ದರು.

ಫೆಬ್ರುವರಿ 20, ಗುರುವಾರ. ಪ್ರಧಾನಿ ಆಟ್ಲಿ ಸಂಸತ್ತಿನಲ್ಲಿ ಎದ್ದು ನಿಂತು, 1948ರ ಜೂನ್ ಒಳಗೆ ಭಾರತದ ಅಧಿಕಾರವನ್ನು ಭಾರತೀಯರಿಗೆ ಒಪ್ಪಿಸುತ್ತೇವೆ ಎಂದು ಘೋಷಿಸಿದರು. ಈ ತಾರೀಖು ನಮಗೆ ಗೊತ್ತು, ನಮ್ಮ ಇತಿಹಾಸದ ಪುಸ್ತಕಗಳಲ್ಲಿದೆ. ಅದರ ಮರುದಿನ, ಫೆಬ್ರುವರಿ 21, ಶುಕ್ರವಾರ. ವಾಷಿಂಗ್ಟನ್ನಿನ ಬ್ರಿಟಿಷ್ ರಾಯಭಾರ ಕಚೇರಿಯಿಂದ ಅಮೆರಿಕದ ವಿದೇಶಾಂಗ ಇಲಾಖೆಗೆ ಎರಡು ಪತ್ರ ಹೋದವು. ಒಂದು ಗ್ರೀಸಿನ ಬಗ್ಗೆ, ಇನ್ನೊಂದು ಟರ್ಕಿಯ ಬಗ್ಗೆ. ಮಾರ್ಚಿ 31ರ ನಂತರ ಈ ಎರಡು ದೇಶಗಳಿಗೆ ನೆರವು ಕೊಡಲು ನಮ್ಮಿಂದಾಗದು, ನೀವು ವಹಿಸಿಕೊಳ್ಳುತ್ತೀರಾ ಎಂಬುದು ಅದರ ಸಾರಾಂಶ. ವಿದೇಶಾಂಗ ಕಾರ್ಯದರ್ಶಿ ಮಾರ್ಷಲ್ ಊರಲ್ಲಿರಲಿಲ್ಲ. ಅಧಿಕಾರಿಗಳು ಆ ಶನಿವಾರ ಭಾನುವಾರ ರಜೆ ಬಿಟ್ಟು ಕೂತು ಟಿಪ್ಪಣಿ ತಯಾರಿಸಿದರು.

ಈ ಎರಡು ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಒಂದನ್ನು ನಾವು ಸ್ವಾತಂತ್ರ್ಯದ ಅಧ್ಯಾಯದಲ್ಲಿ ಓದುತ್ತೇವೆ, ಇನ್ನೊಂದನ್ನು ಶೀತಲ ಸಮರದ ಅಧ್ಯಾಯದಲ್ಲಿ. ನಡುವೆ ನೂರು ಪುಟ. ನಿಜದಲ್ಲಿ ಅವುಗಳ ನಡುವೆ ಇದ್ದದ್ದು ಒಂದು ರಾತ್ರಿ. ಒಂದೇ ಖಾಲಿ ಪೆಟ್ಟಿಗೆಯಿಂದ ಹೊರಟ ಎರಡು ಕಾಗದಗಳವು. ಇದರಿಂದ ನಮ್ಮ ಹೋರಾಟದ ಬೆಲೆ ಕಡಿಮೆಯಾಯಿತೆಂದು ಯಾರೂ ತಿಳಿಯಬೇಡಿ. 1942ರಲ್ಲಿ ಈಸೂರಿನ ಜನ, ಅಂಥ ಸಾವಿರ ಊರುಗಳ ಜನ, ಈ ನೆಲವನ್ನು ಆಳುವುದೇ ಅಸಾಧ್ಯ ಮಾಡದಿದ್ದರೆ ಆ ಪೆಟ್ಟಿಗೆ ಖಾಲಿಯಾದರೂ ಅವರು ಬೇರೆ ಯಾವುದನ್ನಾದರೂ ಮೊದಲು ಬಿಡುತ್ತಿದ್ದರೇ ಹೊರತು ಭಾರತವನ್ನಲ್ಲ.

ಗ್ರೀಸಿನಲ್ಲಿ ಆಗ ಅಂತರ್ಯುದ್ಧ. ಕಮ್ಯುನಿಸ್ಟ್ ಗೆರಿಲ್ಲಾಗಳ ಬೆನ್ನಿಗೆ ಮಾಸ್ಕೋ ನಿಂತಿದೆ ಎಂದು ವಾಷಿಂಗ್ಟನ್ ನಂಬಿತು. ವಾಸ್ತವ ಬೇರೆ ಇತ್ತು. 1944ರ ಅಕ್ಟೋಬರಿನಲ್ಲಿ ಚರ್ಚಿಲ್ ಮಾಸ್ಕೋಗೆ ಹೋಗಿದ್ದಾಗ ಅರ್ಧ ಹಾಳೆಯ ಮೇಲೆ ಲೆಕ್ಕ ಬರೆದು ಸ್ಟಾಲಿನ್ ಕಡೆ ಸರಿಸಿದ್ದರು: ರುಮೇನಿಯದಲ್ಲಿ ರಷ್ಯಕ್ಕೆ ಶೇ 90, ಗ್ರೀಸಿನಲ್ಲಿ ಬ್ರಿಟನ್ನಿಗೆ ಶೇ 90, ಯುಗೊಸ್ಲಾವಿಯದಲ್ಲಿ ಅರ್ಧರ್ಧ. ಸ್ಟಾಲಿನ್ ನೀಲಿ ಪೆನ್ಸಿಲಿನಿಂದ ಅದರ ಮೇಲೊಂದು ಗೀಟು ಹಾಕಿ ಹಿಂದಿರುಗಿಸಿದರು. ಇದನ್ನು ಚರ್ಚಿಲ್ಲರೇ ಬರೆದಿಟ್ಟಿದ್ದಾರೆ. ಗ್ರೀಸಿನ ವಿಷಯದಲ್ಲಿ ಸ್ಟಾಲಿನ್ ಆ ಗೀಟಿಗೆ ಬಹುಮಟ್ಟಿಗೆ ಬದ್ಧರಾಗಿದ್ದರು. ಗೆರಿಲ್ಲಾಗಳಿಗೆ ಕೈಯಾಸರೆ ಕೊಡುತ್ತಿದ್ದದ್ದು ಮುಖ್ಯವಾಗಿ ಯುಗೊಸ್ಲಾವಿಯ. ಆದರೆ ಅನುಮಾನ ಬೇರೂರಿದ ಮೇಲೆ ಯಾರು ಯಾರನ್ನು ಕೇಳುತ್ತಾರೆ? ಮಾರ್ಚಿ 12ರಂದು ಅಧ್ಯಕ್ಷ ಟ್ರೂಮನ್ ಅಮೆರಿಕದ ಸಂಸತ್ತಿನ ಮುಂದೆ ಬಂದು ಗ್ರೀಸ್, ಟರ್ಕಿಗಳಿಗೆ 40 ಕೋಟಿ ಡಾಲರ್ ಕೇಳಿದರು. ಅಷ್ಟೇ ಕೇಳಿದ್ದರೆ ಅದು ಎರಡು ದೇಶಗಳ ಮಾತಾಗಿರುತ್ತಿತ್ತು. ಅವರು ಅದನ್ನು, ದಬ್ಬಾಳಿಕೆಯನ್ನು ಎದುರಿಸುವ ಸ್ವತಂತ್ರ ಜನರಿಗೆಲ್ಲ ನೆರವಾಗುವುದೇ ಅಮೆರಿಕದ ನೀತಿ ಎಂದು ಲೋಕಕ್ಕೆಲ್ಲ ಹಿಗ್ಗಿಸಿ ಹೇಳಿದರು. ಮೂರನೆಯ ಕುರ್ಚಿಯಲ್ಲಿದ್ದವನು ಎದ್ದ, ಮೊದಲನೆಯವನು ಅಲ್ಲಿಗೂ ಕಾಲು ಚಾಚಿದ.

ಒಬ್ಬ ಹುಡುಗ ಇಲ್ಲಿ ನನ್ನನ್ನು ಕೇಳಿದ: "ಸರ್, ಹಾಗಾದರೆ ತಪ್ಪು ಯಾರದು?" ಒಳ್ಳೆಯ ಪ್ರಶ್ನೆ. ಎರಡು ಟೆಲಿಗ್ರಾಂಗಳ ವಿಷಯ ಹೇಳುತ್ತೇನೆ. 1946ರ ಫೆಬ್ರುವರಿ 22ರಂದು ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯಿಂದ ಜಾರ್ಜ್ ಕೆನನ್ ಉದ್ದನೆಯ ತಂತಿ ಕಳಿಸಿದರು: ಈ ಸರ್ಕಾರಕ್ಕೆ ಹೊರಜಗತ್ತಿನ ಮೇಲೆ ಹುಟ್ಟುಗುಣವೆಂಬಷ್ಟು ಅಪನಂಬಿಕೆಯಿದೆ, ಒಪ್ಪಂದದಿಂದ ಇದನ್ನು ಪಳಗಿಸಲಾಗದು, ಬಲಕ್ಕೆ ಮಾತ್ರ ಇದು ಹಿಂದೆ ಸರಿಯುತ್ತದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರಿ ನಿಕೊಲಾಯ್ ನೊವಿಕೊವ್ ಮಾಸ್ಕೋಗೆ ತಂತಿ ಕಳಿಸಿದರು: ಅಮೆರಿಕ ಲೋಕದ ಮೇಲೆ ಯಜಮಾನಿಕೆ ಬಯಸುತ್ತಿದೆ, ಅದಕ್ಕಾಗಿ ದೂರದೂರ ಸೇನಾನೆಲೆಗಳನ್ನು ಕಟ್ಟುತ್ತಿದೆ, ನಮ್ಮ ವಿರುದ್ಧ ಯುದ್ಧದ ಮಾತಾಡುತ್ತಿದೆ. ಎರಡನ್ನೂ ಓದಿದಾಗ ನನಗೆ ಬೇಸರವಾಗುವುದು ಇದಕ್ಕೆ: ಇಬ್ಬರೂ ದಡ್ಡರಲ್ಲ, ಇಬ್ಬರೂ ಎದುರಿನವನ ಬಗ್ಗೆ ಬರೆದದ್ದರಲ್ಲಿ ಬಹಳಷ್ಟು ನಿಜವಿದೆ, ಮತ್ತು ಇಬ್ಬರೂ ತಮ್ಮ ಕಡೆಯವರು ಎದುರಿನವನಿಗೆ ಹೇಗೆ ಕಾಣುತ್ತಿದ್ದಾರೆ ಎಂಬುದರ ಬಗ್ಗೆ ಯೋಚಿಸಿದಂತಿಲ್ಲ. ತಪ್ಪಿನ ತೂಕ ಸಮಸಮ ಎಂದು ನಾನು ಹೇಳುವುದಿಲ್ಲ. ಪಶ್ಚಿಮದ ಜನ ತಮ್ಮ ಸರ್ಕಾರವನ್ನು ಓಟು ಹಾಕಿ ಇಳಿಸಬಹುದಿತ್ತು. 1945ರಲ್ಲಿ ಚರ್ಚಿಲ್ಲರನ್ನೇ ಇಳಿಸಿದರು. ಜೆಕೊಸ್ಲೊವಾಕಿಯದ ರಾಜಧಾನಿ ಪ್ರಾಗ್‌ನವರಿಗೆ ಆ ಭಾಗ್ಯ ಉಳಿಯಲಿಲ್ಲ.

ಪ್ರಾಗ್ ಕಥೆ ಚಿಕ್ಕದು. 1947ರ ಜೂನ್ 5ರಂದು ಮಾರ್ಷಲ್ ಹಾರ್ವರ್ಡ್‌ನಲ್ಲಿ ಯುರೋಪಿನ ಪುನರ್ನಿರ್ಮಾಣಕ್ಕೆ ನೆರವು ಕೊಡುವ ಮಾತಾಡಿದರು. ಸೋವಿಯತ್ ವಿದೇಶಾಂಗ ಸಚಿವ ಮೊಲೊಟೊವ್ ಪ್ಯಾರಿಸ್ಸಿಗೆ ಬಂದು ಮಾತುಕತೆಗೆ ಕೂತರು, ಕೆಲವೇ ದಿನಕ್ಕೆ ಎದ್ದುಹೋದರು. ಆದರೆ ಜೆಕೊಸ್ಲೊವಾಕಿಯ ಆಹ್ವಾನಕ್ಕೆ ಒಪ್ಪಿಗೆ ಕೊಟ್ಟಿತ್ತು. ಜುಲೈ ಎರಡನೇ ವಾರ ಅದರ ಪ್ರಧಾನಿಯನ್ನೂ ವಿದೇಶಾಂಗ ಸಚಿವ ಯಾನ್ ಮಸಾರಿಕ್ ಅವರನ್ನೂ ಸ್ಟಾಲಿನ್ ಮಾಸ್ಕೋಗೆ ಕರೆಸಿಕೊಂಡರು. ಒಪ್ಪಿಗೆ ವಾಪಸಾಯಿತು. ಮುಂದಿನ ಫೆಬ್ರುವರಿಯಲ್ಲಿ ಕಮ್ಯುನಿಸ್ಟರು ಅಧಿಕಾರವನ್ನು ಪೂರ್ತಿಯಾಗಿ ಹಿಡಿದರು. ಮಾರ್ಚಿ 10ರ ಬೆಳಗ್ಗೆ ಮಸಾರಿಕ್ ಅವರ ಶವ ಅವರದೇ ಸಚಿವಾಲಯದ ಅಂಗಳದಲ್ಲಿ, ಕಿಟಕಿಯ ಕೆಳಗೆ ಸಿಕ್ಕಿತು. ಅವರೇ ಹಾರಿದರೋ ಯಾರಾದರೂ ತಳ್ಳಿದರೋ ಎಂಬ ವಾದ ಇವತ್ತಿಗೂ ನಿಂತಿಲ್ಲ. ಆ ಕಡೆ ಮಾರ್ಷಲ್ ಯೋಜನೆಯಡಿ ನಾಲ್ಕು ವರ್ಷದಲ್ಲಿ ಪಶ್ಚಿಮ ಯುರೋಪಿಗೆ ಸುಮಾರು 1,300 ಕೋಟಿ ಡಾಲರ್ ಹರಿಯಿತು.

ಬರ್ಲಿನ್ ವಿಷಯ ನಿಮಗೆ ಗೊತ್ತಿರುವುದೇ, ಹಾಗಾಗಿ ಒಂದೇ ನೋಟ ತೋರಿಸಿ ಮುಂದೆ ಹೋಗುತ್ತೇನೆ. ಸುತ್ತಲೂ ಸೋವಿಯತ್ ವಶದ ನೆಲ, ನಡುವೆ ಅಮೆರಿಕ, ಬ್ರಿಟನ್, ಫ್ರಾನ್ಸ್ ಕೈಯಲ್ಲಿದ್ದ ಪಶ್ಚಿಮ ಬರ್ಲಿನ್. 1948ರ ಜೂನ್ 24ರಂದು ಸೋವಿಯತ್ ಸೇನೆ ಅಲ್ಲಿಗೆ ಹೋಗುವ ರಸ್ತೆ, ರೈಲು, ಕಾಲುವೆಗಳನ್ನು ಬಂದ್ ಮಾಡಿತು. ಒಳಗೆ ಇಪ್ಪತ್ತು ಲಕ್ಷ ಜನ. ಅಮೆರಿಕ, ಬ್ರಿಟನ್ ವಿಮಾನಗಳು ಮುಂದಿನ ವರ್ಷದ ಮೇ ತಿಂಗಳಾಚೆಗೂ ಅವರ ಅನ್ನ, ಉರುವಲು ಹೊತ್ತವು. ಒಟ್ಟು ಸುಮಾರು 2 ಲಕ್ಷ 78 ಸಾವಿರ ಹಾರಾಟ, 23 ಲಕ್ಷ ಟನ್ ಸಾಮಾನು. ಅದರಲ್ಲಿ ಮೂರನೇ ಎರಡು ಪಾಲು ಕಲ್ಲಿದ್ದಲು. ಆಲೂಗಡ್ಡೆಯಲ್ಲಿರುವ ನೀರಿನ ಭಾರವನ್ನು ಯಾಕೆ ಹೊರಬೇಕೆಂದು, ನಾವು ಸಂಡಿಗೆ ಒಣಗಿಸುವ ಹಾಗೆ, ಅದನ್ನು ಒಣಗಿಸಿ ಕಳಿಸುತ್ತಿದ್ದರು. ಗೇಲ್ ಹಾಲ್ವರ್ಸನ್ ಎಂಬ ಅಮೆರಿಕದ ಪೈಲಟ್, ವಿಮಾನ ನಿಲ್ದಾಣದ ಬೇಲಿಯ ಬಳಿ ನಿಂತ ಮಕ್ಕಳಿಗೆಂದು ಚಾಕೊಲೇಟನ್ನು ಕರವಸ್ತ್ರಕ್ಕೆ ಪ್ಯಾರಾಚೂಟಿನಂತೆ ಕಟ್ಟಿ ಮೇಲಿಂದ ಬಿಡುತ್ತಿದ್ದರು. ರೆಕ್ಕೆ ಅಲ್ಲಾಡಿಸಿದರೆ ಅದು ನನ್ನ ವಿಮಾನ ಎಂದು ಮಕ್ಕಳಿಗೆ ಹೇಳಿದ್ದರಂತೆ. ಮೂರು ವರ್ಷದ ಹಿಂದೆ ಅದೇ ಆಕಾಶದಿಂದ ಅದೇ ದೇಶದವರು ಬಾಂಬು ಹಾಕಿದ್ದರು. ಸೋತ ಜರ್ಮನಿ ಯಾರ ಕಡೆಗೆ ವಾಲುತ್ತದೆ ಎಂಬುದು ಆ ಬೇಲಿಯ ಬಳಿ ತೀರ್ಮಾನವಾಗುತ್ತಿತ್ತು.

1949ರಲ್ಲಿ ಎಲ್ಲವೂ ಗಟ್ಟಿಯಾಯಿತು. ಏಪ್ರಿಲಿನಲ್ಲಿ ಅಮೆರಿಕ ಮತ್ತು ಅದರ ಜೊತೆಗಾರರ ಸೇನಾಕೂಟ ನೇಟೋ. ಆಗಸ್ಟ್ 29ರಂದು ಕಜಾಕ್‌ಸ್ತಾನದ ಬಯಲಲ್ಲಿ ಸೋವಿಯತ್ ಅಣುಬಾಂಬಿನ ಮೊದಲ ಪರೀಕ್ಷೆ. ಅಮೆರಿಕ ಬಾಂಬು ಮಾಡಿ ಕೇವಲ ನಾಲ್ಕು ವರ್ಷವಾಗಿತ್ತು. ಅಕ್ಟೋಬರಿನಲ್ಲಿ ಚೀನಾ ಮಾವೋ ಕೈಗೆ. ಜರ್ಮನಿ ಎರಡಾಯಿತು. ಫಾಕ್ಸ್ ಅವರ ಪಟ್ಟಿಯಲ್ಲಿ ಆ ಹೊತ್ತಿಗೆ ಎರಡೇ ಹೆಸರು.

ಇನ್ನೊಬ್ಬರು ಕೇಳಿದರು: ಇವತ್ತು ಅಮೆರಿಕ-ಚೀನಾ ನಡುವೆಯೂ ಇದೇ ನಡೆಯುತ್ತಿದೆಯಲ್ಲವೇ? ನನಗೆ ಆ ಹೋಲಿಕೆ ಅಷ್ಟಾಗಿ ಕೂಡಿಬರುವುದಿಲ್ಲ. ಚೀನಾ ಬೆಳೆದದ್ದು ಮಹಾಯುದ್ಧದ ಬೂದಿಯಿಂದಲ್ಲ, ಅಮೆರಿಕದ ಜೊತೆ ವ್ಯಾಪಾರ ಮಾಡಿ. 1945ರಲ್ಲಿದ್ದಂಥ ಖಾಲಿ ಜಾಗ ಇವತ್ತು ಲೋಕದಲ್ಲಿ ಎಲ್ಲಿದೆ?

ಕೊನೆಗೆ ಒಂದು ನಕ್ಷೆ, ಮತ್ತೆ ನಮ್ಮ ಕೊಡಗು.

1945ರ ಆಗಸ್ಟ್ 10ರ ನಡುರಾತ್ರಿ. ಜಪಾನ್ ಶರಣಾಗುವುದು ಖಚಿತವಾಗಿದೆ. ಕೊರಿಯಕ್ಕೆ ಸೋವಿಯತ್ ಸೇನೆ ನುಗ್ಗುತ್ತಿದೆ, ಅಮೆರಿಕದ ಸೇನೆ ಬಹಳ ದೂರದಲ್ಲಿದೆ. ವಾಷಿಂಗ್ಟನ್ನಿನಲ್ಲಿ ಡೀನ್ ರಸ್ಕ್, ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಕರ್ನಲ್‌ಗಳಿಗೆ, ಜಪಾನೀಯರ ಶರಣಾಗತಿಯನ್ನು ಯಾರು ಎಲ್ಲಿ ಪಡೆಯಬೇಕೆಂದು ಗೆರೆ ಹಾಕಿ ಎಂದರು. ಸಿಕ್ಕ ಸಮಯ ಅರ್ಧ ಗಂಟೆ. ಕೈಗೆ ಸಿಕ್ಕಿದ್ದು ನ್ಯಾಷನಲ್ ಜಿಯಾಗ್ರಫಿಕ್‌ನ ಒಂದು ನಕ್ಷೆ. ಸೋಲ್ ನಗರ ತಮ್ಮ ಕಡೆ ಉಳಿಯಲಿ ಎಂದು 38ನೇ ಅಕ್ಷಾಂಶವನ್ನು ತೋರಿಸಿದರು. ಸೋವಿಯತ್ ಒಪ್ಪಿತು. ಆ ಗೆರೆ ಯಾವ ಹೊಳೆಯನ್ನು, ಯಾವ ಹಳ್ಳಿಯನ್ನು, ಯಾರ ಗದ್ದೆಯನ್ನು ಸೀಳಿತು ಎಂದು ಆ ಕೋಣೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಕೊರಿಯದವರನ್ನು ಕೇಳಲೂ ಇಲ್ಲ. ಐದು ವರ್ಷಕ್ಕೆ ಆ ಗೆರೆಯ ಮೇಲೆ ಯುದ್ಧ ಶುರುವಾಯಿತು. ಕೋಣಗಳೆರಡು ಕಾದಿದರೆ ಸಾಯುವುದು ನಡುವಿನ ಗಿಡ. ಮೂರು ವರ್ಷದಲ್ಲಿ ಸತ್ತವರು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಎಂಬುದು ಅಂದಾಜು.

1953ರಲ್ಲಿ ಕದನ ನಿಂತಾಗ ಯುದ್ಧಕೈದಿಗಳ ಪ್ರಶ್ನೆ ಉಳಿಯಿತು. ತಮ್ಮ ದೇಶಕ್ಕೆ ಹಿಂದಿರುಗಲು ಒಲ್ಲೆವೆಂದ 22 ಸಾವಿರಕ್ಕೂ ಹೆಚ್ಚು ಕೈದಿಗಳಿದ್ದರು. ಅವರನ್ನು ಯಾರ ವಶಕ್ಕೆ ಕೊಡಬೇಕು? ಎರಡೂ ಬಣ ಒಪ್ಪುವ ದೇಶವೆಂದರೆ ಭಾರತ. ಐದು ದೇಶಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್‌ಮನ್ ರೀ, ಭಾರತೀಯ ಸೈನಿಕರು ನಮ್ಮ ನೆಲಕ್ಕೆ ಕಾಲಿಡಕೂಡದು ಎಂದು ಹಟ ಹಿಡಿದರು. ಹಡಗಿನಿಂದ ಸೈನಿಕರನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ಎರಡೂ ಸೇನೆಗಳ ನಡುವಿನ ಪಟ್ಟಿಗೆ ಇಳಿಸಬೇಕಾಯಿತು. ಕೊರೆಯುವ ಚಳಿಯಲ್ಲಿ ನಮ್ಮವರು ಆ ಕೈದಿಗಳನ್ನು ಕಾದರು. ಡೇರೆಗಳಲ್ಲಿ ಒಬ್ಬೊಬ್ಬ ಕೈದಿಯನ್ನೂ ಕೂರಿಸಿ ಅವನ ದೇಶದವರು ಬಾ ಎಂದು ಕರೆಯುತ್ತಿದ್ದರು. ಡೇರೆಗೆ ಎರಡು ಬಾಗಿಲು. ಒಂದರಿಂದ ಹೊರಟರೆ ತಾಯ್ನಾಡು, ಇನ್ನೊಂದರಿಂದ ಹೊರಟರೆ ಎದುರು ಬಣ. ತಿಮ್ಮಯ್ಯನವರ ಮೇಲೆ ಎರಡೂ ಕಡೆಯವರು ರೇಗಿದರು.

ಬಹುಪಾಲು ಕೈದಿಗಳು ಹಿಂದಿರುಗಲಿಲ್ಲ. ಒಂದಷ್ಟು ಜನ ಮನಸ್ಸು ಬದಲಿಸಿ ತಾಯ್ನಾಡಿಗೆ ಹೋದರು. ಎಲ್ಲ ಮುಗಿದ ಮೇಲೆ 88 ಜನ ಮಿಕ್ಕರು. ಅವರಲ್ಲಿ 12 ಮಂದಿ ಚೀನೀಯರು, ಉಳಿದವರು ಕೊರಿಯದವರು. ಉತ್ತರವೂ ಬೇಡ, ದಕ್ಷಿಣವೂ ಬೇಡ. ಆ ಬಣವೂ ಬೇಡ, ಈ ಬಣವೂ ಬೇಡ. ಯಾವುದಾದರೂ ಮೂರನೆಯ ದೇಶಕ್ಕೆ ಕಳಿಸಿ ಎಂದರು. 1954ರ ಫೆಬ್ರುವರಿಯಲ್ಲಿ, ಮನೆಗೆ ಹೊರಟ ನಮ್ಮ ಸೈನಿಕರ ಜೊತೆಯಲ್ಲಿ, ಆ 88 ಜನರನ್ನೂ ಹಡಗು ಹತ್ತಿಸಿಕೊಂಡು ಭಾರತಕ್ಕೆ ಕರೆತಂದರು.